ಆನ್‌ಲೈನ್ ಅಂಗಡಿಯ ಐಟಂ ಪಟ್ಟಿ ಎಕ್ಸೆಲ್‌ಗೆ ಇಳಿಸೋದು ಹೇಗೆ? ಮೊದಲು ಆ ಡಬಲ್ ಕ್ಲಿಕ್ ಬಿಡಿ

ಮಂಡ್ಯದಲ್ಲಿ ನಮ್ಮ ಚಿಕ್ಕಮ್ಮ ಆನ್‌ಲೈನಲ್ಲಿ ಬೆಲ್ಲ ಮಾರ್ತಾರೆ, ಅಚ್ಚು ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ, ಜೊತೆಗೆ ಅರಿಶಿನ ಪುಡಿ, ಕಾಫಿ ಪುಡಿ ಅಂತ ಒಂದಷ್ಟು. ಆಡಿಟರ್ರು "ಮೇಡಂ, ಎಲ್ಲಾ ಐಟಮ್ಮು, ರೇಟು, ಎಚ್‌ಎಸ್‌ಎನ್ ಕೋಡು (ಜಿಎಸ್‌ಟಿಗೆ ಸರಕು ಯಾವ ಬಗೆದು ಅಂತ ಹೇಳೋ ಸಂಖ್ಯೆ) ಒಂದು ಎಕ್ಸೆಲ್ ಶೀಟಲ್ಲಿ ಕಳ್ಸಿ" ಅಂದಿದ್ದೇ ತಡ, ಇವರು ಸೈಟಿನ ಒಂದೊಂದೇ ಪೇಜ್ ತೆಗೆದು ನೋಟ್‌ಬುಕ್ಕಲ್ಲಿ ಬರ್ಕೊಳಕ್ಕೆ ಕೂತಿದ್ರು. ಬಟನ್ ಒತ್ತಿದ್ರೆ ಬರೋ ಪಟ್ಟಿ ಕಣ್ರೀ ಅದು.

ಚಿಕ್ಕಮ್ಮಂದು ವೂಕಾಮರ್ಸ್ ಸೈಟು, ಅಂದ್ರೆ ಆನ್‌ಲೈನ್ ಅಂಗಡಿ ನಡೆಸೋಕಿರೋ ಒಂದು ಸಾಫ್ಟ್‌ವೇರಲ್ಲಿ ಮಾಡಿದ್ದು. ಅಡ್ಮಿನ್ ಒಳಗೆ ಹೋಗಿ ಪ್ರಾಡಕ್ಟ್ಸ್ ಒತ್ತಿದ್ರೆ ಮೇಲ್ಗಡೆನೇ ಎಕ್ಸ್‌ಪೋರ್ಟ್ ಅಂತಿರುತ್ತೆ. ಯಾವ ಕಾಲಂ, ಯಾವ ಕೆಟಗರಿ ಅಂತ ಕೇಳುತ್ತೆ, ಏನೂ ಆರಿಸದೆ ಬಿಟ್ರೆ ಎಲ್ಲಾ ಬರುತ್ತೆ. ಎಚ್‌ಎಸ್‌ಎನ್ ಕೋಡನ್ನ ಯಾವುದಾದ್ರೂ ಪ್ಲಗಿನ್ (ಸೈಟಿಗೆ ಸೇರಿಸೋ ಸಣ್ಣ ಸಾಫ್ಟ್‌ವೇರ್) ಹಾಕಿ ತುಂಬಿದ್ರೆ ಕೆಳಗಿರೋ ಕಸ್ಟಮ್ ಮೆಟಾ ಬಾಕ್ಸಿಗೆ ಟಿಕ್ ಹಾಕಿ, ಇಲ್ದಿದ್ರೆ ಅದು ಬರಲ್ಲ. ಆಮೇಲೆ ಜನರೇಟ್ ಸಿಎಸ್‌ವಿ ಒತ್ತಿ, ಅಷ್ಟೇ. ಸಿಎಸ್‌ವಿ ಅಂದ್ರೆ ಅಲ್ಪವಿರಾಮ ಹಾಕಿ ಕಾಲಂ ಬೇರೆ ಮಾಡಿರೋ ಸಾದಾ ಟೆಕ್ಸ್ಟ್ ಫೈಲು. ಶಾಪಿಫೈ ಅನ್ನೋ ಇನ್ನೊಂದು ಅಂಗಡಿ ಸಾಫ್ಟ್‌ವೇರ್ ಆದ್ರೂ ಪ್ರಾಡಕ್ಟ್ಸ್ ಪೇಜಲ್ಲೇ ಎಕ್ಸ್‌ಪೋರ್ಟ್ ಇದೆ, ಐಟಂ ಜಾಸ್ತಿ ಇದ್ರೆ ಫೈಲು ಮೇಲ್‌ಗೆ ಬರುತ್ತೆ.

ಕೆಡೋದೆಲ್ಲಾ ಇದಾದ್ಮೇಲೆ. ನಾನೇ ಅವಸರಕ್ಕೆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆಗೆದು, ಸೇವ್ ಮಾಡಿ ಆಡಿಟರಿಗೆ ಕಳಿಸ್ಬಿಟ್ಟೆ. ಅರಿಶಿನದ ಕೋಡು 0910, ಕಾಫಿದು 0901, ಶೀಟಲ್ಲಿ ನೋಡಿದ್ರೆ 910, 901! ಎಕ್ಸೆಲ್ಲು ಅದನ್ನ ಸಂಖ್ಯೆ ಅನ್ಕೊಂಡು ಮುಂದಿನ ಸೊನ್ನೆ ನುಂಗಿತ್ತು. ಬೆಲ್ಲ 1701 ಆದ್ರಿಂದ ಬಚಾವ್. ಐದು ಕೆಜಿ ಪ್ಯಾಕಿಗೆ 5-1 ಅಂತ ಕೊಟ್ಟಿದ್ದ ಕೋಡು ತಾರೀಖಾಗಿ ಕೂತಿತ್ತು. ಹದಿಮೂರಂಕಿ ಬಾರ್‌ಕೋಡ್ ಇದ್ರೆ ಅದು 8.9ಇ+12 ಥರ ಕಾಣ್ಸುತ್ತೆ, ಇನ್ನು ಕೆಲವು ಫೈಲಲ್ಲಿ ಕನ್ನಡದ ಹೆಸರು ಪೂರ್ತಿ ಚಿತ್ರಾನ್ನ.

ಸರಿಯಾದ ದಾರಿ ಇದು: ಖಾಲಿ ಎಕ್ಸೆಲ್ ತೆಗೀರಿ, ಡೇಟಾ ಟ್ಯಾಬಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ ಫೈಲ್ ಆರಿಸಿ. ಫೈಲ್ ಒರಿಜಿನ್ ಅನ್ನೋ ಕಡೆ 65001 ಯೂನಿಕೋಡ್ ಯುಟಿಎಫ್-8 ಇರ್ಲಿ (ಕನ್ನಡ ಅಕ್ಷರ ಸರಿಯಾಗಿ ಬರೋಕೆ), ಪಕ್ಕದ ಡೇಟಾ ಟೈಪ್ ಡಿಟೆಕ್ಷನ್‌ನಲ್ಲಿ ಡು ನಾಟ್ ಡಿಟೆಕ್ಟ್ ಹಾಕಿ, ಆಮೇಲೆ ಲೋಡ್. ಗೂಗಲ್ ಶೀಟ್ಸ್ ಇನ್ನೂ ಸುಲಭ, ಫೈಲ್ ಮೆನುವಲ್ಲಿ ಇಂಪೋರ್ಟ್ ಕೊಟ್ಟು, ಟೆಕ್ಸ್ಟನ್ನ ನಂಬರ್, ಡೇಟ್ ಮಾಡ್ಲಾ ಅಂತ ಕೇಳೋ ಟಿಕ್ ತೆಗೀರಿ. ಡೌನ್‌ಲೋಡ್ ಆದ ಮೂಲ ಫೈಲನ್ನ ಮುಟ್ಟಬೇಡಿ, ಒಂದು ಕಾಪಿ ಮಾಡ್ಕೊಂಡು ಅದರಲ್ಲಿ ಏನ್ ಬೇಕಾದ್ರೂ ಆಡಿ.

ಶೀಟ್ ನೋಡಿ ಚಿಕ್ಕಮ್ಮ, "ಇದೇನ್ಲಾ, ಅಚ್ಚು ಬೆಲ್ಲ ನಾಕ್ ಸಲ ಬಂದದೆ, ಒಂದಕ್ಕೆ ರೇಟೇ ಇಲ್ಲ" ಅಂತ ಆ ಸಾಲು ಅಳಿಸಕ್ಕೆ ಹೊರಟ್ರು. ತಡೆದೆ. ಟೈಪ್ ಕಾಲಮ್ಮಲ್ಲಿ ವೇರಿಯಬಲ್ ಅಂತಿರೋದು ತಾಯಿ ಸಾಲು, ಅದಕ್ಕೆ ರೇಟ್ ಇರಲ್ಲ, ಅರ್ಧ ಕೆಜಿ, ಒಂದು ಕೆಜಿ, ಐದು ಕೆಜಿ ಅನ್ನೋವು ಅದರ ಮಕ್ಕಳು. ಆಡಿಟರಿಗೆ ಕೊಡೋ ಕಾಪಿಯಲ್ಲಿ ತೆಗೆದ್ರೆ ಪರವಾಗಿಲ್ಲ, ವಾಪಸ್ ಸೈಟಿಗೆ ಹಾಕೋದ್ರಲ್ಲಿ ಬೇಡ. ಇನ್ನೊಂದು, ಫೋಟೋ ಜಾಗದಲ್ಲಿ ಬರೀ ಲಿಂಕ್ ಇರುತ್ತೆ, ಫೋಟೋ ಅಲ್ಲ. ಹಳೇ ಸೈಟ್ ಮುಚ್ಚೋರು ಫೋಟೋಗಳನ್ನ ಬೇರೆಯಾಗಿ ಇಳಿಸ್ಕೊಂಡಿರಿ.

ಬೆಲ್ಲದ ರೇಟು ಏರಿಳಿದಾಗ ಇದೇ ಶೀಟಲ್ಲಿ ತಿದ್ದಿ ಒಟ್ಟಿಗೆ ಸೈಟಿಗೆ ಹಾಕ್ಬೋದು. ಐಡಿ, ರೆಗ್ಯುಲರ್ ಪ್ರೈಸ್ ಎರಡೇ ಕಾಲಂ ಇಟ್ರೆ ಸಾಕು, ಮಿಕ್ಕಿದ್ದು ಹಾಗೇ ಇರುತ್ತೆ. ಸೇವ್ ಮಾಡೋವಾಗ ಸಿಎಸ್‌ವಿ ಯುಟಿಎಫ್-8 ಅನ್ನೋದನ್ನೇ ಆರಿಸಿ, ಬರೀ ಸಿಎಸ್‌ವಿ ಅಂದ್ರೆ ಕನ್ನಡ ಇರೋ ಕಡೆಯೆಲ್ಲಾ ಪ್ರಶ್ನೆ ಚಿಹ್ನೆ. ಸೈಟಿನ ಇಂಪೋರ್ಟಲ್ಲಿ ಅಪ್ಡೇಟ್ ಎಕ್ಸಿಸ್ಟಿಂಗ್ ಪ್ರಾಡಕ್ಟ್ಸ್ ಟಿಕ್ ಮರೀಬೇಡಿ. ಮೊದಲ ಸಲ ಒಂದೇ ಒಂದು ಐಟಂ ಸಾಲು ಇಟ್ಟು ಹಾಕಿ ನೋಡಿ, ಸೈಟಲ್ಲಿ ಅದರ ರೇಟ್ ಬದಲಾಗಿದ್ರೆ ಆಮೇಲೆ ಉಳಿದಿದ್ದು.