ಜಾನ್ಸನ್ ಗ್ರಂಥಾಲಯದಲ್ಲಿ ಭಾರತದ ಕಡತ: ನಾನು ಹುಡುಕುವ ಕ್ರಮ

1965–67ರ ಬರಗಾಲದಲ್ಲಿ ಪಿ.ಎಲ್. 480 ಎಂಬ ಅಮೆರಿಕದ ಆಹಾರ ನೆರವಿನ ಕಾನೂನಿನಡಿಯ ಗೋಧಿಯನ್ನು ಅಧ್ಯಕ್ಷ ಲಿಂಡನ್ ಜಾನ್ಸನ್ ಭಾರತಕ್ಕೆ ಕಂತುಕಂತಾಗಿ, ಕೈ ಬಿಗಿಹಿಡಿದೇ ಬಿಟ್ಟರು. ಆ ತೀರ್ಮಾನಗಳ ಕಾಗದಪತ್ರಗಳು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, 1971ರಲ್ಲಿ ತೆರೆದ ಅವರ ಗ್ರಂಥಾಲಯದಲ್ಲಿವೆ.

ಮೊದಲ ಕೆಲಸ ಮನೆಯಲ್ಲೇ. ಅಮೆರಿಕದ ವಿದೇಶಾಂಗ ಇಲಾಖೆಯ ‘ಫಾರಿನ್ ರಿಲೇಷನ್ಸ್’ ಮಾಲೆಯಲ್ಲಿ 1964–68ರ ದಕ್ಷಿಣ ಏಷ್ಯಾದ್ದು 25ನೇ ಸಂಪುಟ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ದಾಖಲೆಗಿಂತ ಮೊದಲು ಅಡಿಟಿಪ್ಪಣಿ ಓದುತ್ತೇನೆ. ಆ ಕಾಗದ ಯಾವ ಕಡತದ್ದು ಎಂಬುದು ಅಲ್ಲಿರುತ್ತದೆ. ಆ ಹೆಸರುಗಳನ್ನು ಗ್ರಂಥಾಲಯದ ಫೈಂಡಿಂಗ್ ಏಡ್ (ಯಾವ ಬಾಕ್ಸ್‌ನಲ್ಲಿ ಯಾವ ಕಡತವಿದೆ ಎಂಬ ಪಟ್ಟಿ) ಜೊತೆ ತಾಳೆ ನೋಡಿ, ಬಾಕ್ಸ್ ಸಂಖ್ಯೆಗಳ ಸಮೇತ ಆರ್ಕೈವಿಸ್ಟ್‌ಗೆ ಮುಂಚಿತವಾಗಿ ಇಮೇಲ್ ಕಳಿಸುತ್ತೇನೆ. ‘ಭಾರತದ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಿದರೆ ಸಿಗುವ ಉತ್ತರವೂ ಅಷ್ಟೇ ಸಡಿಲವಾಗಿರುತ್ತದೆ.

ಯಾರ ಕಾಗದ ಎಲ್ಲಿದೆ ಎಂಬುದರಲ್ಲಿ ಎಡವುವವರು ಬಹಳ. ದೆಹಲಿಯಲ್ಲಿ ರಾಯಭಾರಿಯಾಗಿದ್ದ ಚೆಸ್ಟರ್ ಬೌಲ್ಸ್ ಅವರ ಖಾಸಗಿ ಸಂಗ್ರಹ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅವರಿಗಿಂತ ಮೊದಲಿದ್ದ ಗಾಲ್‌ಬ್ರೇತ್ ಅವರದು ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿ. ಶ್ವೇತಭವನದಲ್ಲಿ ಭಾರತವನ್ನು ನೋಡಿಕೊಳ್ಳುತ್ತಿದ್ದ ರಾಬರ್ಟ್ ಕೋಮರ್ ಅವರ ಕಡತ ಆಸ್ಟಿನ್‌ನಲ್ಲೇ ಇದೆ. ಆದರೆ 1966ರ ವಸಂತದಲ್ಲಿ ಅವರು ವಿಯೆಟ್ನಾಂ ಕೆಲಸಕ್ಕೆ ಹೋದರು. ಅಲ್ಲಿಂದಾಚೆಗೆ ಅಧ್ಯಕ್ಷರ ಭದ್ರತಾ ಸಲಹೆಗಾರ ವಾಲ್ಟ್ ರೋಸ್ಟೋ ಅವರ ಕಡತಗಳ ಕಡೆ ತಿರುಗಬೇಕು. 1966ರ ಆಗಸ್ಟ್‌ನಿಂದ 1967ರ ಫೆಬ್ರವರಿವರೆಗಿನ ಆಹಾರ ಬಿಕ್ಕಟ್ಟಿಗಂತೂ ರಾಷ್ಟ್ರೀಯ ಭದ್ರತಾ ಮಂಡಳಿಯೇ ‘ಇಂಡಿಯನ್ ಫ್ಯಾಮಿನ್’ ಹೆಸರಿನಲ್ಲಿ ಒಂದು ಸಂಕಲನ ಮಾಡಿಟ್ಟಿದೆ. ಹೊಸಬರಿಗೆ ಅದೇ ಒಳ್ಳೆಯ ಬಾಗಿಲು, ಆದರೆ ಆಯ್ದು ಜೋಡಿಸಿದ್ದು ಎಂಬುದು ನೆನಪಿರಲಿ.

ಒಂದೇ ಟಿಪ್ಪಣಿಯ ಹಲವು ಪ್ರತಿಗಳು ಹಲವು ಫೋಲ್ಡರ್‌ಗಳಲ್ಲಿರುತ್ತವೆ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ದೇಶವಾರು ಜೋಡಿಸಿದ ‘ಕಂಟ್ರಿ ಫೈಲ್’ನ ಭಾರತ ವಿಭಾಗದಲ್ಲಿ ಸಿಕ್ಕಿದ್ದು ತೆಳುಕಾಗದದ ಕಾರ್ಬನ್ ಪ್ರತಿಯಾಗಿದ್ದರೆ, ‘ಮೆಮೋಸ್ ಟು ದ ಪ್ರೆಸಿಡೆಂಟ್’ (ಅಧ್ಯಕ್ಷರಿಗೆ ಬರೆದ ಟಿಪ್ಪಣಿಗಳು) ಸರಣಿಯಲ್ಲಿ ಅದೇ ದಿನಾಂಕದ ಮೂಲವನ್ನು ಹುಡುಕುತ್ತೇನೆ. ರೋಸ್ಟೋ ಟಿಪ್ಪಣಿಗಳ ಕೊನೆಯಲ್ಲಿ ಒಪ್ಪಿಗೆ, ನಿರಾಕರಣೆ, ‘ನನ್ನನ್ನು ಕಾಣಿ’ ಎಂಬಂಥ ಗೆರೆಗಳಿರುತ್ತವೆ. ಜಾನ್ಸನ್ ಯಾವುದರ ಮೇಲೆ ಗುರುತು ಹಾಕಿದರು ಎಂಬುದು ಸಾಮಾನ್ಯವಾಗಿ ಮೂಲದಲ್ಲಿ ಮಾತ್ರ. ಬರೀ ಕಾರ್ಬನ್ ನೋಡಿ ‘ಅಧ್ಯಕ್ಷರು ಒಪ್ಪಿದರು’ ಎಂದು ಬರೆಯುವಂತಿಲ್ಲ.

ತಂತಿ ಸಂದೇಶಗಳಲ್ಲಿ ಕಾಲದ ಲೆಕ್ಕ ತಪ್ಪುತ್ತದೆ. ‘141930ಝಡ್’ ಎಂದರೆ 14ನೇ ತಾರೀಖು, ಗ್ರೀನಿಚ್ ಸಮಯ ರಾತ್ರಿ 7.30. ದೆಹಲಿಯಲ್ಲಿ ಆಗಲೇ 15ರ ನಸುಕಿನ 1 ಗಂಟೆ. ಚಳಿಗಾಲದ ವಾಷಿಂಗ್ಟನ್‌ನಲ್ಲಿ ಇನ್ನೂ 14ರ ಮಧ್ಯಾಹ್ನ 2.30. ಇದನ್ನು ಗಮನಿಸದಿದ್ದರೆ ಪ್ರಶ್ನೆಗಿಂತ ಉತ್ತರ ಮೊದಲು ಬಂದಂತೆ ಕಾಣುತ್ತದೆ. ರಾಯಭಾರ ಕಚೇರಿಯ ತಂತಿಸಂಖ್ಯೆ ಆಗ ಪ್ರತಿ ಜುಲೈ 1ರಿಂದ ಹೊಸದಾಗಿ ಶುರುವಾಗುತ್ತಿತ್ತು, ಹಾಗಾಗಿ ದಿನಾಂಕವಿಲ್ಲದ ಸಂಖ್ಯೆಯನ್ನು ಉಲ್ಲೇಖಿಸಿ ಪ್ರಯೋಜನವಿಲ್ಲ.

10ನೇ ಮಹಡಿಯ ಓದುಕೋಣೆಯ ನಿಯಮ ಎಲ್ಲ ಪತ್ರಾಗಾರಗಳದ್ದೇ: ಪೆನ್ಸಿಲ್ ಮಾತ್ರ, ಒಂದು ಸಲಕ್ಕೆ ಒಂದೇ ಫೋಲ್ಡರ್, ಹಾಳೆಗಳ ಕ್ರಮ ಕದಲಬಾರದು, ಫ್ಲ್ಯಾಶ್ ಇಲ್ಲ. ಫೋಟೋದಲ್ಲಿ ನನ್ನ ಕಟ್ಟುನಿಟ್ಟು ಒಂದೇ: ಮೊದಲ ಚಿತ್ರ ಬಾಕ್ಸ್ ಚೀಟಿ, ಎರಡನೆಯದು ಫೋಲ್ಡರ್ ಹೆಸರು, ಆಮೇಲೆ ಹಾಳೆಗಳು. ತೆಳುಕಾಗದದಲ್ಲಿ ಹಿಂದಿನ ಪುಟದ ಅಕ್ಷರ ತೂರಿ ಕಾಣುತ್ತದೆ. ಸಿಬ್ಬಂದಿಯನ್ನು ಕೇಳಿ ಕೆಳಗೊಂದು ಬಿಳಿಹಾಳೆ ಇಟ್ಟರೆ ಸರಿಹೋಗುತ್ತದೆ.

ಫೋಲ್ಡರ್‌ನ ಮೊದಲಿಗಿರುವ ವಿತ್‌ಡ್ರಾವಲ್ ಶೀಟನ್ನು ಹಾರಿಸಿ ಮುಂದೆ ಹೋಗಬೇಡಿ. ತೆಗೆದಿಟ್ಟ ದಾಖಲೆ ಯಾವ ಬಗೆಯದು, ದಿನಾಂಕ, ಪುಟಸಂಖ್ಯೆ, ಕಾರಣದ ಅಕ್ಷರ ಅದರಲ್ಲಿರುತ್ತವೆ. ‘ಎ’ ಎಂದರೆ ದೇಶದ ಭದ್ರತೆಯ ಗುಟ್ಟು, ‘ಸಿ’ ಎಂದರೆ ಕಾಗದ ಕೊಟ್ಟವರು ದಾನಪತ್ರದಲ್ಲಿ ಹಾಕಿದ ಷರತ್ತು. 1981ರಿಂದೀಚಿನ ಅಧ್ಯಕ್ಷರ ಕಾಗದ ಕಾನೂನಿನಂತೆ ಸರ್ಕಾರದ ಆಸ್ತಿ. ಜಾನ್ಸನ್ ಕಾಲದ್ದು ದಾನವಾಗಿ ಬಂದದ್ದು. ‘ಎ’ ಇದ್ದರೆ ಕಡ್ಡಾಯ ಮರುಪರಿಶೀಲನೆಗೆ, ಅಂದರೆ ಗುಟ್ಟನ್ನು ಈಗ ಬಿಡಬಹುದೇ ಎಂದು ಮತ್ತೆ ನೋಡುವಂತೆ, ಅರ್ಜಿ ಹಾಕಬಹುದು. ಶೀಟಿನಲ್ಲಿರುವ ವಿವರವನ್ನು ಇದ್ದಹಾಗೇ ಬರೆಯಬೇಕು. ಎರಡು ವರ್ಷದೊಳಗೆ ಪರಿಶೀಲನೆಯಾದ ದಾಖಲೆಯನ್ನು ಮತ್ತೆ ತೆಗೆದುಕೊಳ್ಳುವುದಿಲ್ಲ. ಒಂದು ವರ್ಷ ಕಳೆದರೂ ತೀರ್ಮಾನ ಬರದಿದ್ದರೆ ಅಂತರ್‌ಇಲಾಖಾ ಮೇಲ್ಮನವಿ ಸಮಿತಿಗೆ ಹೋಗಲು ದಾರಿಯಿದೆ. ಕಾಯುವಾಗ ವಾಷಿಂಗ್ಟನ್ ಬಳಿಯ ಕಾಲೇಜ್ ಪಾರ್ಕ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಆರ್‌ಜಿ 59 (ರೆಕಾರ್ಡ್ ಗ್ರೂಪ್ 59) ಎಂಬ ವಿದೇಶಾಂಗ ಇಲಾಖೆಯ ದಾಖಲೆ ಸಮೂಹ ನೋಡಿ. ಆಸ್ಟಿನ್‌ನಲ್ಲಿ ಮುಚ್ಚಿದ ತಂತಿಯ ಇನ್ನೊಂದು ಪ್ರತಿ ಅಲ್ಲಿ ತೆರೆದೇ ಇರುವುದುಂಟು.