ವಿದೇಶದ ಕೆಲಸಕ್ಕೆ ಹೊರಡುವವರು ಸೆಪ್ಟೆಂಬರ್ 28ರ ಲೆಕ್ಕ ನೋಡಿಕೊಳ್ಳಿ
ಪುಣೆ, ಮುಂಬೈಯಿಂದ ವಿದೇಶದ ನೌಕರಿಗೆ ಹೊರಟಿರುವ ನಮ್ಮವರೇ, ಸೇರುವ ದಿನಾಂಕ ನಿಮ್ಮ ಕೈಯಲ್ಲಿದ್ದರೆ, ಇಲ್ಲಿಯ ಆದಾಯ ತೆರಿಗೆಯ ದೃಷ್ಟಿಯಿಂದ, ಸೆಪ್ಟೆಂಬರ್ 28ರೊಳಗೆ ದೇಶ ಬಿಡಿ. ಏಪ್ರಿಲ್ 1ರಿಂದ ಅಂದಿಗೆ 181 ದಿನ. ನೌಕರಿಗಾಗಿ ಹೊರಡುವ ಭಾರತೀಯ ನಾಗರಿಕರು ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ; ಆಮೇಲೆ ಹೊರಗೆ ದುಡಿದು ಹೊರಗೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಲೆಕ್ಕಕ್ಕೆ ಬರುವುದು ಟಿಕೆಟ್ ಅಲ್ಲ, ಪಾಸ್‌ಪೋರ್ಟಿನ ಮುದ್ರೆ. ಮುಂಬೈಯಿಂದ ಬಹಳಷ್ಟು ವಿಮಾನಗಳು ನಡುರಾತ್ರಿ ದಾಟಿ ಹೊರಡುತ್ತವೆ: 28ರ ರಾತ್ರಿ ಹನ್ನೊಂದಕ್ಕೆ ಸಾಲಿನಲ್ಲಿ ನಿಂತರೂ ಇಮಿಗ್ರೇಷನ್ ಮುದ್ರೆ 29ರದ್ದಾಗಬಹುದು. ಹೊರಡುವ ದಿನವನ್ನೂ ಎಣಿಸುವುದೇ ಕ್ಷೇಮ, ಹಾಗಾಗಿ ನಾಲ್ಕೈದು ದಿನ ಮುಂಚೆಯೇ ಹೊರಡಿ. ಮಾರ್ಚ್ 31ರೊಳಗೆ ಹಬ್ಬಕ್ಕೋ ಮದುವೆಗೋ ಬಂದರೆ ಆ ದಿನಗಳೂ ಕೂಡುತ್ತವೆ; ಹೆಚ್ಚಿನವರು ಎಡವುವುದು ಇಲ್ಲೇ. ಹೊರಡುವ ಮುನ್ನ ಇಲ್ಲಿ ದುಡಿದ ತಿಂಗಳುಗಳ ಸಂಬಳಕ್ಕೆ ತೆರಿಗೆ ಇದ್ದೇ ಇದೆ. ಸಂಬಳ ನೇರವಾಗಿ ಪುಣೆಯ ಖಾತೆಗೆ ಬಿದ್ದರೆ ‘ಭಾರತದಲ್ಲಿ ಪಡೆದ ಆದಾಯ’ ಎಂಬ ತಕರಾರು ಏಳುತ್ತದೆ. ಮೊದಲು ಅಲ್ಲಿಯ ಬ್ಯಾಂಕಿಗೆ ಹಾಕಿಸಿಕೊಂಡು ಆಮೇಲೆ ಮನೆಗೆ ಕಳಿಸಿ. ಹಡಗಿನ ಕೆಲಸದವರಿಗೆ ಮಾತ್ರ ಇದರಲ್ಲಿ ಸಡಿಲಿಕೆಯಿದೆ: ವಿದೇಶಯಾನದ ಹಡಗಿನಲ್ಲಿ ದುಡಿದ ಅನಿವಾಸಿ ನಾವಿಕರ ಸಂಬಳ ಎನ್‌ಆರ್‌ಇ ಖಾತೆಗೆ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಖಾತೆ) ಬಂತೆಂಬ ಒಂದೇ ಕಾರಣಕ್ಕೆ ತೆರಿಗೆ ಬೀಳದೆಂದು ಕೇಂದ್ರ ನೇರ ತೆರಿಗೆ ಮಂಡಳಿಯ 2017ರ 13ನೇ ಸುತ್ತೋಲೆ ಹೇಳುತ್ತದೆ.