ಎತ್ತರ ಇಳಿಸಿದ ಮೇಲೆ ಗುಡ್ಡೆ ಹತ್ತಿದ ಜೀಪು

ಹಿಂದಿನ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರ ಸೇರಿಸುವ ಆಕ್ಸಲ್ಲಿನ ನಡುವಿನ ಗೇರಿನ ಗೂಡು, ಅದರ ಕವರ್ ಬೋಲ್ಟು ಸಡಿಲ ಮಾಡಿದರೆ ಬರಬೇಕಾದದ್ದು ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುವ ಗೇರ್ ಆಯಿಲ್. ನನ್ನ ಜೀಪಿನಿಂದ ಬಂದದ್ದು ಹಾಲು ಜಾಸ್ತಿಯಾದ ಚಾ. ಮೆಕ್ಯಾನಿಕ್ ಕಾಕ ಅದನ್ನು ಬೆರಳಿನಲ್ಲಿ ಮುಟ್ಟಿದರು, ಮೂಸಿದರು, ಆಮೇಲೆ ನನ್ನ ಮುಖ ನೋಡಿದರು.

"ಭಟ್ರೇ, ತೋಡಿನಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ರಿ?"

ತೋಡು ಅಂದರೆ ನಮ್ಮ ದಾರಿಯ ಸಣ್ಣ ಹಳ್ಳ. ನಿಲ್ಲಿಸಲೇ ಇಲ್ಲ, ಸುಮ್ನೆ ದಾಟಿದ್ದು ಅಂದೆ. ಅವರು ನಂಬಲಿಲ್ಲ. ನಿಜಕ್ಕೂ ನಾನು ನಿಲ್ಲಿಸಿರಲಿಲ್ಲ. ಆದರೂ ನೀರು ಒಳಗೆ ಹೋಗಿತ್ತು. ಹೇಗೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ. ಡಾಮರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ತೋಡು, ಆಮೇಲೆ ಮುರಕಲ್ಲಿನ ಪಾದೆಯ, ಅಂದರೆ ಕೆಂಪು ಜಂಬಿಟ್ಟಿಗೆ ಬಂಡೆಯ ಮೇಲೊಂದು ಚಡಾವು (ಏರು), ಅದು ಇಳಿದರೆ ಅಡಿಕೆ ತೋಟ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು. ಜೂನ್ ತಿಂಗಳಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ, ಡ್ರಮ್ಮು ಎಲ್ಲ ಆ ದಾರಿಯಲ್ಲೇ ಹೋಗಬೇಕು. ಹಾಗಾಗಿ ಜೀಪು ನಮಗೆ ಶೋಕಿಯಲ್ಲ. ಆದರೆ ಶೋಕಿಯೂ ಸ್ವಲ್ಪ ಇತ್ತು ಅಂತ ಒಪ್ಪಿಕೊಂಡುಬಿಡುತ್ತೇನೆ.

2013ರಲ್ಲಿ ಒಂದು ಹಳೇ ಮಹೀಂದ್ರಾ ಎಂಎಂ 540 ತಗೊಂಡೆ. 1992ರ ಮಾಡೆಲ್. ಇಂಜಿನ್ ಪೆಜೋ ಎಕ್ಸ್‌ಡಿಪಿ, 2112 ಸಿಸಿ ಡೀಸೆಲ್, ಹೊಸದಿದ್ದಾಗ 62 ಕುದುರೆ ಶಕ್ತಿ. ನಾನು ತಗೊಳ್ಳುವಾಗ ಅದರಲ್ಲಿ ಎಷ್ಟು ಕುದುರೆ ಬದುಕಿತ್ತೋ ಗೊತ್ತಿಲ್ಲ. ಬೆಳಿಗ್ಗೆ ಹೀಟರ್ ಪ್ಲಗ್ ಬಿಸಿಯಾಗದೆ ಸ್ಟಾರ್ಟ್ ಆಗುವುದಿಲ್ಲ, ಆದರೆ ಒಮ್ಮೆ ಎದ್ದರೆ ಹಟಮಾರಿ. ಇದರ ಬಿಡಿಭಾಗಕ್ಕೆ ಒದ್ದಾಡಬೇಕು, ಮಹೀಂದ್ರಾದ್ದೇ ಎಂಡಿಐ ಇಂಜಿನ್ನಿನ ಗಾಡಿ ತಗೋ ಅಂತ ಅಪ್ಪ ಹೇಳಿದ್ದರು. ಅವರ ಮಾತು ಕೇಳಬೇಕಿತ್ತು.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ಉಲ್ಟಾ. ವಿಡಿಯೋ ನೋಡಿ ನೋಡಿ ತಲೆ ತುಂಬಿತ್ತು. ಗಾಡಿ ಎತ್ತರ ಇರಬೇಕು, ಟಯರು ದೊಡ್ಡದಿರಬೇಕು, ಮುಂದೆ ಕಬ್ಬಿಣದ ದೊಡ್ಡ ಬಂಪರ್ ಇರಬೇಕು. ಒಂದು ವರ್ಕ್‌ಶಾಪಿನಲ್ಲಿ, ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟಿನ ಸೆಟ್ಟಿಗೆ ಇನ್ನೊಂದು ಪ್ಲೇಟು ಸೇರಿಸಿದೆ, ಆ ಸೆಟ್ಟಿನ ತುದಿಯನ್ನು ಚಾಸಿಗೆ ಸಿಕ್ಕಿಸುವ ಶ್ಯಾಕಲ್ಲನ್ನು ಉದ್ದದ್ದು ಹಾಕಿಸಿದೆ. ಶ್ಯಾಕಲ್ ಎರಡಿಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು. ಇದನ್ನು ಅಲ್ಲಿ ಯಾರೂ ಹೇಳಲಿಲ್ಲ. ಎದ್ದದ್ದು ಕೂಡ ಬಾಡಿ ಮತ್ತು ಚಾಸಿ ಮಾತ್ರ. ಕಲ್ಲಿಗೆ ತಾಗುವುದು ಡಿಫರೆನ್ಷಿಯಲ್‌ನ ಹೊಟ್ಟೆ. ಅದು ಆಕ್ಸಲ್ಲಿನಲ್ಲೇ ಇದೆ, ಆಕ್ಸಲ್ ಇರುವುದು ಚಕ್ರದ ನಡುವೆ. ಟಯರು ದೊಡ್ಡದಾಗದೆ ಅದು ಒಂದು ನೂಲೂ ಏಳುವುದಿಲ್ಲ. ಅಷ್ಟು ದುಡ್ಡು ಕೊಟ್ಟು ನಾನು ಎತ್ತರಿಸಿದ್ದು ನನ್ನ ಸೀಟನ್ನು ಅಷ್ಟೇ.

ಶ್ಯಾಕಲ್ ಉದ್ದವಾದ ಮೇಲೆ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕೂತಿತು. ತಿರುವಿನಲ್ಲಿ ತಿರುಗಿಸಿದ ಸ್ಟೀರಿಂಗ್ ತಾನಾಗಿ ವಾಪಸು ಬರುವುದು ನಿಂತಿತು, ಕೈಯಲ್ಲೇ ಎಳೆಯಬೇಕು. ಈ ಜೀಪಿನ ಗಾಲಿಗಳ ನಡುವಿನ ಉದ್ದ 91 ಇಂಚು ಅಷ್ಟೇ, ಹಾಗಾಗಿ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಗಿಡ್ಡ. ಗಾಡಿ ಎತ್ತಿದಷ್ಟೂ ಅದು ಓರೆಯಾಗುತ್ತದೆ. ಒಂದೇ ವರ್ಷದಲ್ಲಿ ಅದರ ತುದಿಯ ಕೀಲು, ನಾವು ಕ್ರಾಸು ಅನ್ನುವುದು, ಎರಡು ಹೋಯಿತು. ವೇಗ ನಲವತ್ತು ದಾಟಿದರೆ ಕಾಲಡಿ ಗಡಗಡ.

ಕಾಕನ ಹತ್ತಿರ ಹೋದದ್ದು ಆಮೇಲೆ. ಬದಿಯಡ್ಕದ ಕಡೆಯವರು, ಸರ್ವೀಸ್ ಜೀಪುಗಳು ಜನರನ್ನು ನೇತಾಡಿಸಿಕೊಂಡು ಓಡುತ್ತಿದ್ದ ಕಾಲದಿಂದ ಜೀಪಿನ ಕೆಲಸ ಮಾಡಿದವರು. ನನ್ನ ಗಾಡಿಗೆ ಒಂದು ಸುತ್ತು ಬಂದರು. ಎತ್ತರದ ಬಗ್ಗೆ ಏನೂ ಹೇಳಲಿಲ್ಲ. ಒಂದು ಸಣ್ಣ ಸುತ್ತಿಗೆ ತಗೊಂಡು ಕೆಳಗೆ ನುಗ್ಗಿ ಚಾಸಿಯನ್ನು ಅಡಿ ಅಡಿಗೂ ಬಡಿಯುತ್ತಾ ಬಂದರು. ಹಲಸಿನಕಾಯಿ ಬೆಳೆದಿದೆಯೋ ಅಂತ ಬಡಿದು ನೋಡಿದ ಹಾಗೆ. ಟಣ್, ಟಣ್, ಟಣ್, ಡಬ್. ಡಬ್ ಅಂದಲ್ಲಿ ಚಾಕ್‌ಪೀಸಿನ ಗುರುತು. ಹಿಂದಿನ ಶ್ಯಾಕಲ್ ಕೂರುವ ಜಾಗದಲ್ಲೇ ಎರಡು ಗುರುತು ಬಿತ್ತು. ಚಾಸಿ ಒಳಗೆ ಟೊಳ್ಳು, ಅದರೊಳಗೆ ವರ್ಷಗಟ್ಟಲೆ ಕೆಸರು ಕೂತು ಒಳಗಿಂದಲೇ ತಿಂದಿತ್ತು. ಹೊರಗೆ ನಾನು ಚಂದದ ಕಪ್ಪು ಪೈಂಟ್ ಹೊಡೆಸಿದ್ದೆ!

ಮೊದಲು ಆ ಕೆಲಸ. ತುಕ್ಕು ತಿಂದದ್ದನ್ನು ಒಳ್ಳೇ ಕಬ್ಬಿಣ ಸಿಗುವವರೆಗೆ ಕತ್ತರಿಸಿ, ಹೊಸ ಪ್ಲೇಟು ಕೂರಿಸಿ ವೆಲ್ಡಿಂಗ್. ನೀರು ಇಳಿದು ಹೋಗುವ ತೂತುಗಳು ಮುಚ್ಚಿದ್ದವು, ಅವನ್ನು ಬಿಡಿಸಿದೆವು. ಈಗ ಪ್ರತಿ ಮಳೆಗಾಲ ಕಳೆದ ಮೇಲೆ ಚಾಸಿಯ ಒಳಗೆ ಪೈಪು ಬಿಟ್ಟು ತೊಳೆಯುತ್ತೇನೆ. ಬರುವ ಮಣ್ಣು ನೋಡಿದರೆ ಒಂದು ತೆಂಗಿನ ಗಿಡ ನೆಡಬಹುದು.

ಇನ್ನು ನಡುಕ. ಪೆರ್ಲದಿಂದ ಬದಿಯಡ್ಕಕ್ಕೆ ಬರುವಾಗ ಒಂದು ಗುಂಡಿಗೆ ಬಿದ್ದರೆ ಸಾಕು, ಮುಂದಿನ ಎರಡೂ ಚಕ್ರ ಕುಣಿಯಲು ಶುರು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ. ಪೂರ್ತಿ ನಿಲ್ಲಿಸದೆ ನಿಲ್ಲುವುದಿಲ್ಲ. ಮೊದಲಿನ ವರ್ಕ್‌ಶಾಪಿನವರು ಇದಕ್ಕೆ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸಿದ್ದರು. ಮೂರು ತಿಂಗಳು ಸುಮ್ಮನಿತ್ತು, ಮತ್ತೆ ಬಂತು.

ಕಾಕ ಚಕ್ರವನ್ನು ಜ್ಯಾಕಿನಲ್ಲಿ ಎತ್ತಿದರು. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಲಟಲಟ. "ಈಗ ಬ್ರೇಕ್ ಒತ್ತಿ" ಅಂದರು. ಒತ್ತಿ ಹಿಡಿದೆ. ಮತ್ತೆ ಅಲ್ಲಾಡಿಸಿದರು. ಆಗಲೂ ಲಟಲಟ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ದೋಷ ವೀಲ್ ಬೇರಿಂಗಿನದ್ದು. ಒತ್ತಿದ ಮೇಲೂ ಇದ್ದರೆ ಕಿಂಗ್‌ಪಿನ್ನಿನದ್ದು. ಎರಡು ನಿಮಿಷದ ಪರೀಕ್ಷೆ, ಕಾಸು ಖರ್ಚಿಲ್ಲ. ನಾನು ಹಳೇ ಜೀಪು ನೋಡಲು ಯಾರ ಜೊತೆ ಹೋದರೂ ಈಗ ಮೊದಲು ಇದನ್ನೇ ಮಾಡುವುದು.

ಈ ಜೀಪಿನ ಮುಂದಿನ ಆಕ್ಸಲ್ಲಿನ ಎರಡು ತುದಿಯಲ್ಲೂ ಒಂದೊಂದು ದೊಡ್ಡ ಉಂಡೆ ಇದೆ. ಅದರ ಮೇಲೆ ಕೆಳಗೆ ಕಿಂಗ್‌ಪಿನ್ನು, ಅದಕ್ಕೆ ಬೇರಿಂಗು. ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಅದರ ಮೇಲೆ. ಕ್ಯಾಪಿನ ಅಡಿಯಲ್ಲಿ ಶಿಮ್ಮು ಅನ್ನುವ ತೆಳ್ಳಗಿನ ತಗಡುಗಳಿರುತ್ತವೆ. ತೀರಾ ತೆಳ್ಳಗಿನದ್ದು ತಲೆಕೂದಲಿನಷ್ಟು. ಒಂದು ತೆಗೆದರೆ ಬಿಗಿ, ಒಂದು ಹಾಕಿದರೆ ಸಡಿಲ. ಮೇಲೆ ಎಷ್ಟು ದಪ್ಪ ಇದೆಯೋ ಕೆಳಗೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಒಳಗಿನ ಶಾಫ್ಟು ನಡುವಿಗೆ ಬರುವುದಿಲ್ಲ.

ಬಿಗಿ ಎಷ್ಟಿರಬೇಕು ಅಂತ ಕೈ ಅಂದಾಜಿನಲ್ಲಿ ಹೇಳಿಯಾರು ಅಂದುಕೊಂಡಿದ್ದೆ. ಇಲ್ಲ. ಕಾಕ ಒಳಗಿಂದ ಸ್ಪ್ರಿಂಗ್ ತಕ್ಕಡಿ ತಂದರು, ರದ್ದಿ ಪೇಪರಿನವರ ಕೈಯಲ್ಲಿ ಇರುತ್ತದಲ್ಲ, ಅದೇ. ಸೀಲು ಹಾಕುವ ಮೊದಲು, ಎರಡು ಚಕ್ರವನ್ನು ಜೊತೆಗೆ ತಿರುಗಿಸುವ ಟೈ ರಾಡ್ ಬಿಚ್ಚಿ, ಅದು ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ ಮೆಲ್ಲ ಎಳೆದರು. ತಿರುಗಲು ಶುರುವಾದಾಗ ಮುಳ್ಳು ಎಲ್ಲಿದೆ ನೋಡಿದರು. ಸಾಲದು. ಮೇಲಿಂದ ಒಂದು ಶಿಮ್ಮು ತೆಗೆದರು, ಕೆಳಗಿಂದ ಅಷ್ಟೇ ದಪ್ಪದ್ದು ಒಂದು. ಮತ್ತೆ ಎಳೆದರು. ಜಾಸ್ತಿಯಾಯಿತು. ಒಂದು ತೆಳ್ಳಗಿನದ್ದು ಹಾಕಿದರು. ಹೀಗೆ ಒಂದು ಚಕ್ರಕ್ಕೆ ಮಧ್ಯಾಹ್ನ ಪೂರ್ತಿ ಹೋಯಿತು. ನಡುವೆ ನನಗೆ ಬೇಜಾರಾಗಿ "ಸಾಕು ಕಾಕಾ, ಓಡುತ್ತದೆ" ಅಂದೆ. "ಓಡುತ್ತದೆ, ನಿಲ್ಲಬೇಕಲ್ಲ ಭಟ್ರೇ" ಅಂದರು.

ಮರುದಿನ ಅದೇ ಗುಂಡಿಗೆ ಬೇಕೆಂದೇ ಇಳಿಸಿದೆ. ಎಂತದೂ ಆಗಲಿಲ್ಲ. ಡ್ಯಾಂಪರ್ ತೆಗೆದು ಅಟ್ಟಕ್ಕೆ ಹಾಕಿದೆ.

ಈಗ ಆ ಚಾದ ಕತೆ. ಆಕ್ಸಲ್ಲಿನ ಮೇಲೆ ಒಂದು ಸಣ್ಣ ಉಸಿರು ತೂತು ಇರುತ್ತದೆ, ಬ್ರೀದರ್ ಅನ್ನುತ್ತಾರೆ. ಹತ್ತು ಕಿಲೋಮೀಟರು ಡಾಮರಿನಲ್ಲಿ ಓಡಿದರೆ ಒಳಗಿನ ಆಯಿಲ್ ಬಿಸಿ, ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗುತ್ತದೆ. ಅದೇ ಬಿಸಿಯಲ್ಲಿ ತೋಡಿಗೆ ಇಳಿಸಿದರೆ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನದನ್ನು ಒಳಗೆ ಎಳೆಯುತ್ತದೆ. ಹೊರಗಿರುವುದು ತೋಡಿನ ನೀರು. ಬ್ರೀದರ್ ಕೆಸರು ಕಟ್ಟಿ ಮುಚ್ಚಿದ್ದರೆ ಸೀಲಿನ ಸಂದಿನಿಂದ ಎಳೆಯುತ್ತದೆ. ಅರ್ಧ ನಿಮಿಷ ಸಾಕು. ನಾನು ನಿಲ್ಲಿಸಿರಲಿಲ್ಲ ಅಂದದ್ದು ಸುಳ್ಳಲ್ಲ ಅಂತ ಕಾಕನಿಗೂ ಒಪ್ಪಿಸಿದೆ.

ಇದಕ್ಕೆ ಮದ್ದು ಏನೂ ದೊಡ್ಡದಲ್ಲ. ಎರಡೂ ಆಕ್ಸಲ್ಲಿನ ಬ್ರೀದರಿಗೆ ಡೀಸೆಲ್ ಪೈಪಿನಂಥ ರಬ್ಬರ್ ಪೈಪು ಸಿಕ್ಕಿಸಿ ಮೇಲೆ ಇಂಜಿನ್ ಕೋಣೆಯ ಹಿಂದಿನ ತಗಡಿನವರೆಗೆ ಎಳೆದು ಕಟ್ಟಿದ್ದೇನೆ. ಆಕ್ಸಲ್ ಕುಣಿಯುವಾಗ ಕಿತ್ತು ಬಾರದಷ್ಟು ಸಡಿಲ ಬಿಡಬೇಕು, ಸೈಲೆನ್ಸರಿಗೆ ತಾಗಬಾರದು. ಚಾದ ಬಣ್ಣ ಹೋಗಲು ಎರಡು ಸಲ ಅಗ್ಗದ ಆಯಿಲ್ ಹಾಕಿ ಸ್ವಲ್ಪ ಓಡಿಸಿ ತೆಗೆದು, ಮೂರನೇ ಸಲ ಒಳ್ಳೇ 80 ಡಬ್ಲ್ಯೂ 90. ತೆಗೆದ ಆಯಿಲನ್ನು ಗುಡ್ಡೆಗೆ ಚೆಲ್ಲುವ ಅಭ್ಯಾಸ ನಮ್ಮಲ್ಲಿ ಇದೆ. ನಾನು ಚೆಲ್ಲಲು ಬಿಡುವುದಿಲ್ಲ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದಲೇ ನಮ್ಮ ಮನೆಗೆ ಕುಡಿಯುವ ನೀರು ಬರುವುದು.

ನೀರಿನದ್ದೇ ಇನ್ನೊಂದು. ಡೀಸೆಲ್ ಇಂಜಿನ್ನಿಗೆ ಕರೆಂಟಿನ ಕಿಡಿ ಬೇಡ, ಹಾಗಾಗಿ ನೀರಿಗೆ ಹೆದರಬೇಕಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಅರ್ಧ ಸತ್ಯ. ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗಿ ಕೂರುತ್ತದೆ, ನೀರನ್ನು ಯಾವ ಪಿಸ್ಟನ್ನಿಗೂ ಒತ್ತಲು ಬರುವುದಿಲ್ಲ. ಆ ಬಾಯನ್ನು ಮೇಲಕ್ಕೆ ತಂದೆ, ಇನ್ನೂ ಮೇಲಿನಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಹಾಕಲಿಲ್ಲ. ನೀರು ಬಾನೆಟ್ ಮುಟ್ಟುವಷ್ಟಿದ್ದರೆ ನಾನು ಈಚೆ ದಡದಲ್ಲೇ ಉಳಿಯುವವನು. ದಾಟಿದ ಮೇಲೆ ಬ್ರೇಕನ್ನು ಮೆಲ್ಲ ಒತ್ತಿಕೊಂಡೇ ಒಂದಿಷ್ಟು ದೂರ ಬರಬೇಕು. ನಾಲ್ಕೂ ಡ್ರಮ್ ಬ್ರೇಕು, ಒದ್ದೆಯಾದರೆ ಹಿಡಿಯುವುದಿಲ್ಲ.

ಉದ್ದದ ಶ್ಯಾಕಲ್ಲು, ಜಾಸ್ತಿ ಪ್ಲೇಟು ಎರಡನ್ನೂ ತೆಗೆಸಿದೆವು. ಹಳೇ ಪ್ಲೇಟುಗಳನ್ನು ಬಿಡಿಸಿ, ತುಕ್ಕು ಕೆರೆದು, ಬುಶ್ ಹೊಸದು ಹಾಕಿ, ಪ್ಲೇಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟು ಹೊಸದು. ಕೆಲವು ದಿನ ಓಡಿದ ಮೇಲೆ ಯು ಬೋಲ್ಟು ಮತ್ತೊಮ್ಮೆ ಬಿಗಿ ಮಾಡಲೇಬೇಕು, ಮರೆತರೆ ಪ್ಲೇಟಿನ ನಡುವಿನ ಬೋಲ್ಟು ತುಂಡಾಗುತ್ತದೆ. ವಿಚಿತ್ರ ನೋಡಿ, ಗಾಡಿ ತಗ್ಗಿದ ಮೇಲೆ ನಮ್ಮ ಚಡಾವನ್ನು ಸುಲಭವಾಗಿ ಹತ್ತಿತು. ಬಿರುಸಾಗಿದ್ದ ಪ್ಲೇಟು ಬಗ್ಗುತ್ತಿರಲಿಲ್ಲ, ಹಾಗಾಗಿ ಒಂದು ಚಕ್ರ ಗಾಳಿಯಲ್ಲಿ ಏಳುತ್ತಿತ್ತು. ಎದ್ದ ಚಕ್ರ ಸುಮ್ನೆ ತಿರುಗುತ್ತದೆ, ನೆಲದಲ್ಲಿದ್ದದ್ದಕ್ಕೆ ಶಕ್ತಿ ಹೋಗುವುದಿಲ್ಲ. ಈಗ ನಾಲ್ಕೂ ನೆಲ ಬಿಡುವುದಿಲ್ಲ.

ಟಯರು 6.00-16 ಇದ್ದದ್ದು 7.00-16 ಮಾಡಿದ್ದೇನೆ, ಅಷ್ಟೇ. ಇನ್ನೂ ದೊಡ್ಡದಾದರೆ ಈ ಇಂಜಿನ್ನಿಗೆ ಎಳೆಯಲು ಕಷ್ಟ. ನಾಲ್ಕೂ ಒಂದೇ ಅಳತೆ, ಸವೆತವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಮ್ಮೆ ಮುಂದೆ ಹೊಸದು, ಹಿಂದೆ ಬೋಳು ಟಯರು ಇದ್ದಾಗ ಫೋರ್ ವೀಲ್ ಹಾಕಿ ಗಟ್ಟಿ ನೆಲದಲ್ಲಿ ಬಂದೆ. ಲಿವರ್ ಕಚ್ಚಿ ಕೂತಿತು. ಎರಡು ಕೈಯಲ್ಲಿ ಎಳೆದರೂ ಇಲ್ಲ. ಸ್ವಲ್ಪ ಹಿಂದಕ್ಕೆ ತೆಗೆದೆ, ಟಕ್ ಅಂತ ಬಿಟ್ಟಿತು. ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಇದರಲ್ಲಿ ದಾರಿಯಿಲ್ಲ, ಕೆಸರಿನಲ್ಲಾದರೆ ಚಕ್ರ ಜಾರಿ ಸರಿ ಹೋಗುತ್ತದೆ, ಡಾಮರಿನಲ್ಲಿ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಅದಕ್ಕೇ ಡಾಮರಿನಲ್ಲಿ ಯಾವಾಗಲೂ ಟೂ ವೀಲ್.

ಪಾದೆಗೆ ಪಾಚಿ ಹಿಡಿದ ಜುಲೈಯಲ್ಲಿ ಇಳಿಯುವಾಗ ಲೋ ರೇಂಜು, ಫಸ್ಟ್ ಗೇರು, ಎರಡೂ ಕಾಲು ಪೆಡಲ್ ಬಿಟ್ಟು ನೆಲದ ಮೇಲೆ. ಲೋ ಹಾಕಿದರೆ ಗೇರು ಸುಮಾರು ಎರಡೂವರೆ ಪಟ್ಟು ನಿಧಾನವಾಗುತ್ತದೆ, ಇಂಜಿನ್ನೇ ಬ್ರೇಕು. ಹೆದರಿ ಬ್ರೇಕ್ ಒತ್ತಿದರೋ, ಚಕ್ರ ನಿಂತು ಗಾಡಿ ಸಾಬೂನಿನ ಹಾಗೆ ಜಾರುತ್ತದೆ. ಸಿಕ್ಕಿ ಬಿದ್ದರೆ ಹಗ್ಗವನ್ನು ಅಡಿಕೆ ಮರಕ್ಕೆ ಕಟ್ಟಬೇಡಿ, ಬುಡ ಸಮೇತ ಬರುತ್ತದೆ. ಹಲಸೋ ಮಾವೋ ಹುಡುಕಿ, ತೊಗಟೆಗೆ ಗೋಣಿ ಸುತ್ತಿ, ಕೈಯಲ್ಲಿ ಎಳೆಯುವ ಚೈನ್ ಬ್ಲಾಕ್ ಹಾಕಿ. ಮೋಟಾರಿನಲ್ಲಿ ಎಳೆಯುವ ವಿಂಚಿನ ದುಡ್ಡಿಗೆ ನನ್ನ ಎರಡು ವರ್ಷದ ಡೀಸೆಲ್ ಬರುತ್ತದೆ.

ಮುಂದೆ ಹಾಕಿಸಿದ್ದ ಕಬ್ಬಿಣದ ದೊಡ್ಡ ಬಂಪರನ್ನೂ ತೆಗೆದೆ, ಅದಕ್ಕೆ ಬೇರೆ ಕಾರಣವೂ ಇತ್ತು. ಅಂಥ ಬುಲ್ ಬಾರನ್ನು 2017ರ ಡಿಸೆಂಬರಿನಲ್ಲೇ ಕೇಂದ್ರ ಸರಕಾರ ಬೇಡ ಅಂದಿತ್ತು. 2019ರ ಜನವರಿಯಲ್ಲಿ, ನಮ್ಮ ಕೇರಳದಿಂದಲೇ ಹೋದ ಒಂದು ಕೇಸಿನಲ್ಲಿ, ಕಂಪನಿ ಮಾಡಿಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಆಗ ಗಾಡಿಯನ್ನು ತೋರಿಸಲೇಬೇಕು. ಹಿಂದಿನ ಸಲ ನಾನು ಹೋಗುವಾಗ ಟಯರಿನ ಅಳತೆ ಬಿಟ್ಟರೆ ಗಾಡಿ ಕಂಪನಿಯಿಂದ ಬಂದ ಹಾಗೇ ಇತ್ತು. ಅದಕ್ಕೂ ಹಳೇ 6.00-16 ಸೆಟ್ಟನ್ನೇ ಹಾಕಿಕೊಂಡು ಹೋದೆ.

ಈಗ ಭಾನುವಾರ ನಾಲ್ಕೈದು ಜನ ಸ್ನೇಹಿತರು ಜೀಪು ತಗೊಂಡು ಪೊಸಡಿ ಗುಂಪೆ ಗುಡ್ಡದ ಕಡೆಗೋ ಪರಿಚಯದವರ ಗುಡ್ಡೆಗೋ ಹೋಗುವುದುಂಟು. ಕಾಡಿನ ಜಾಗಕ್ಕೆ ಇಳಿಯುವುದಿಲ್ಲ. ನನ್ನದೇ ಎಲ್ಲಕ್ಕಿಂತ ತಗ್ಗು ಗಾಡಿ. ಹೊಸಬರು ನೋಡಿ ನಗುತ್ತಾರೆ.

ಎಡಗಡೆಯ ಉಂಡೆಯಿಂದ ಗ್ರೀಸ್ ಇನ್ನೂ ಸಣ್ಣಗೆ ಒಸರುತ್ತಾ ಇದೆ. ಸೀಲು ಎರಡು ಸಲ ಬದಲಾಯಿಸಿ ಆಯಿತು. ಉಂಡೆಯ ಮೈಯಲ್ಲೇ ತುಕ್ಕಿನ ಗುಳಿ, ಹೊಸ ಸೀಲನ್ನು ಅದೇ ಕೆರೆದು ಹಾಕುತ್ತದೆ. ನುಣ್ಣಗಿನ ಉಂಡೆಯಿರುವ ಹಳೇ ಆಕ್ಸಲ್ ಮಂಗಳೂರಿನ ಗುಜರಿಯಲ್ಲಿ ಸಿಕ್ಕಿದರೆ ನೋಡುವ ಅಂತ ಕಾಕ ಹೇಳಿದ್ದಾರೆ. ಅಲ್ಲಿವರೆಗೆ ಸೀಟಿನಡಿ ಒಂದು ಗ್ರೀಸ್ ಡಬ್ಬಿ, ಒರೆಸಲು ಒಂದು ಹಳೇ ಬೈರಾಸು.